ಬೀಡಿ ಬಿಟ್ಟವರ ಹಸಿವು

ಮೈಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ



ತಂಬಾಕಿನ ಕೆಡುಕುಗಳ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದಾಗ, ವಿಷಯವನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಲು ಅವರ ಒಪ್ಪಿಗೆ ಪಡೆದೆ. ಸೇದಿದರೆ ಏನಾಗುತ್ತದೆ ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಪ್ಯಾಕೆಟ್ಟಿನ ಮೇಲೆ ಚಿತ್ರ ಸಮೇತ ಅಚ್ಚಾಗಿರುತ್ತದೆ. ಸಿನಿಮಾ ಶುರುವಾಗುವ ಮೊದಲು ಟಾಕೀಸಿನಲ್ಲಿ ಹೇಳಿಯೇ ಹೇಳುತ್ತಾರೆ. ಬಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಮೂರನೆಯ ವಾರ ಪ್ಯಾಂಟಿನ ಗುಂಡಿ ಬಿಗಿಯಾದಾಗ, ರಾತ್ರಿ ಹನ್ನೊಂದಕ್ಕೆ ಎದ್ದು ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆಯುವಾಗ, ಆ ಮನುಷ್ಯ ಒಂಟಿ. ತನಗೇನೋ ಹೊಸ ಕಾಯಿಲೆ ಅಂಟಿತು ಎಂದುಕೊಳ್ಳುತ್ತಾನೆ, ಇಲ್ಲವೇ ತನಗೆ ಮನಸ್ಸಿನ ಹಿಡಿತವೇ ಇಲ್ಲವೆಂದು ಹಳಿದುಕೊಳ್ಳುತ್ತಾನೆ. ಕೆಲವರು ಅದೇ ನೆಪದಲ್ಲಿ ಮತ್ತೆ ಸೇದಲು ಶುರುಮಾಡುತ್ತಾರೆ. ಬಿಡಲು ಪಟ್ಟ ಪಾಡೆಲ್ಲ ಬೆಲ್ಟಿನ ಒಂದು ತೂತಿಗೆ ಸೋತುಹೋಗುವುದನ್ನು ವೈದ್ಯನಾಗಿ ನೋಡುತ್ತ ಬಂದಿದ್ದೇನೆ. ಅದು ನನ್ನನ್ನು ತುಂಬ ಕಾಡಿದೆ. ಹಾಗಾಗಿ ಈ ಸಂಜೆಯ ಮಾತೆಲ್ಲ ಬಿಟ್ಟವರ ಊಟ, ಹಸಿವು ಮತ್ತು ತೂಕದ ಸುತ್ತಲೇ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಿಗರೇಟು, ಬೀಡಿ ಬಿಟ್ಟ ಮೇಲೆ ಬರುವ ಹಸಿವಿನ ಬಹುಪಾಲು ನಿಮ್ಮದೇ ಹಸಿವು. ಇಷ್ಟು ವರ್ಷ ಹೊಗೆ ಅದನ್ನು ಅದುಮಿಟ್ಟಿತ್ತು, ಅಷ್ಟೇ. ಅದರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಹೊತ್ತುಹೊತ್ತಿಗೆ ಸರಿಯಾದ ಊಟ ಹಾಕಿ. ತೂಕ ಇಳಿಸುವ ಕೆಲಸಕ್ಕೆ ಆಮೇಲೆ ಸಮಯವಿದೆ.

ನಮ್ಮ ರಾಜ್ಯಕ್ಕೆ ಇದು ಹೊರಗಿನ ವಿಷಯವಲ್ಲ. ಈ ಸಭಾಂಗಣದಿಂದ ಒಂದು ಗಂಟೆಯ ಹಾದಿಯಲ್ಲಿ ಹುಣಸೂರು, ಅದರಾಚೆ ಪಿರಿಯಾಪಟ್ಟಣ. ಸಿಗರೇಟಿಗೆ ಬೇಕಾದ ಹೊಗೆಸೊಪ್ಪು ಬೆಳೆದು, ಬ್ಯಾರನ್ನುಗಳಲ್ಲಿ ಹದ ಮಾಡಿ, ಹರಾಜು ಕಟ್ಟೆಗೆ ಒಯ್ಯುವ ಸೀಮೆ. ಬೀಡಿ ತಂಬಾಕಿಗೆ ನಿಪ್ಪಾಣಿ. ಬೀಡಿ ಕಟ್ಟುವುದಕ್ಕೆ ದಕ್ಷಿಣ ಕನ್ನಡದ ಮನೆ ಜಗಲಿಗಳಲ್ಲಿ ಕೂತ ಹೆಣ್ಣುಮಕ್ಕಳು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರು ಶೇ. 8.8. ಅವರಲ್ಲಿ ಬಿಡಬೇಕೆಂದು ಮನಸ್ಸು ಮಾಡಿದವರ ಕೈಗೆ ನಾವು ಒಂದು ಊಟದ ಕ್ರಮವನ್ನಾದರೂ ಕೊಡಬೇಡವೇ?

ಮೊದಲು ಹೊಗೆ ಹಸಿವನ್ನು ಏನು ಮಾಡುತ್ತದೆ ನೋಡೋಣ. ಒಂದು ದಮ್ಮು ಎಳೆದರೆ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ಮುಟ್ಟುತ್ತದೆ. ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಹಸಿವು, ತೃಪ್ತಿಗಳ ಲೆಕ್ಕ ಇರುವುದು ಅಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಅಲ್ಲಿನ 'ಸಾಕು' ಎನ್ನುವ ನರಕೋಶಗಳನ್ನೇ ನಿಕೋಟಿನ್ ಕೆರಳಿಸುತ್ತದೆ ಎಂದು ತೋರಿಸಿದರು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಮಿದುಳಿಗೆ ಮಾತ್ರ ಊಟವಾಯಿತೆಂಬ ಸುದ್ದಿ. ಜೊತೆಗೆ ನಿಕೋಟಿನ್ ಅಡ್ರಿನಲಿನ್ ಹಾರ್ಮೋನನ್ನು ಎಬ್ಬಿಸುತ್ತದೆ. ಎದೆಬಡಿತ ಏರುತ್ತದೆ, ದೇಹ ಸುಮ್ಮನೆ ಕೂತಲ್ಲೇ ಹೆಚ್ಚು ಶಕ್ತಿ ಸುಡುತ್ತದೆ. ಎಷ್ಟು ಹೆಚ್ಚು? 1986ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಅಳೆದರು. ದಿನಕ್ಕೆ 24 ಸಿಗರೇಟು ಸೇದಿದಾಗ ದೇಹದ ಖರ್ಚು ಸುಮಾರು ಶೇ. 10ರಷ್ಟು, ಅಂದರೆ ಹೆಚ್ಚುಕಡಿಮೆ 200 ಕ್ಯಾಲೊರಿ ಏರಿತ್ತು.

ಈ 200 ಕ್ಯಾಲೊರಿಯನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿ. ದಿನಕ್ಕೆ ಐದು ಲೋಟ ಕಾಫಿ-ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ. ಹತ್ತು ಚಮಚ, ಸುಮಾರು 40ರಿಂದ 50 ಗ್ರಾಂ ಸಕ್ಕರೆ. ಅದು 160ರಿಂದ 200 ಕ್ಯಾಲೊರಿ. ಇಡೀ ದಿನ ಶ್ವಾಸಕೋಶ ಸುಟ್ಟುಕೊಂಡು ಕರಗಿಸಿದ್ದು ಲೋಟದ ತಳದಲ್ಲಿ ಕೂತ ಸಕ್ಕರೆಯಷ್ಟು. ಸಿಗರೇಟು ಬಿಟ್ಟರೆ ಮೈ ಕಟ್ಟು ತಪ್ಪುತ್ತದೆ ಎಂದು ಹೆದರುವವರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ಲೋಟಕ್ಕೆ ಎರಡು ಚಮಚ ಹಾಕುವ ಕಡೆ ಒಂದು ಹಾಕಿ. ಹೊಗೆ ಮಾಡುತ್ತಿದ್ದ ಕೆಲಸದ ಅರ್ಧ ಅಲ್ಲೇ ಆಯಿತು.

ಆದರೆ ತೂಕ ಏರುವುದಕ್ಕೆ ಖರ್ಚು ಇಳಿಯುವುದಷ್ಟೇ ಕಾರಣವಲ್ಲ. ತಿನ್ನುವುದೂ ಹೆಚ್ಚುತ್ತದೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ದರ್ಜಿಯ ಮಾತು ಹೇಳುತ್ತೇನೆ. ಹಗಲಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಕೆಲಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೀಡಿ. ಬಿಟ್ಟು ಎರಡು ತಿಂಗಳಾದ ಮೇಲೆ ಬಂದು, "ನಾನು ಊಟ ಜಾಸ್ತಿ ಮಾಡ್ತಾನೇ ಇಲ್ಲ ಸಾರ್, ಮೊದಲಿನಷ್ಟೇ. ಆದ್ರೂ ಹೊಟ್ಟೆ ಮುಂದೆ ಬಂತು" ಎಂದರು. ಸುಳ್ಳಲ್ಲ, ಊಟ ಮೊದಲಿನಷ್ಟೇ ಇತ್ತು. ಬೆಳಿಗ್ಗೆಯಿಂದ ಬಾಯಿಗೆ ಹೋದದ್ದನ್ನೆಲ್ಲ ಸಾಲಾಗಿ ಹೇಳಿ ಎಂದೆ. ಬೆರಳು ಮಡಚುತ್ತ ಹೋದರು. ಹತ್ತೂವರೆಗೆ ಪಕ್ಕದಂಗಡಿಯ ಟೀ, ಅದರ ಜೊತೆ ಬೆಣ್ಣೆ ಬಿಸ್ಕತ್ತು. ಮೊದಲು ಆ ಹೊತ್ತಿಗೆ ಬೀಡಿ ಇರುತ್ತಿತ್ತು. ಗಿರಾಕಿ ಅಳತೆ ಕೊಟ್ಟು ಹೋದ ಮೇಲೆ ಜೇಬಿನಿಂದ ಒಂದು ಪೆಪ್ಪರ್‌ಮಿಂಟು. ಕಷ್ಟದ ಕಾಲರ್ ಹೊಲಿದು ಮುಗಿಸಿದಾಗ ಇನ್ನೊಂದು. ನಾಲ್ಕಕ್ಕೆ ಮತ್ತೆ ಟೀ, ಗಾಡಿಯ ಮೆಣಸಿನಕಾಯಿ ಬಜ್ಜಿ ಎರಡು. ಸಂಜೆ ಕರೆಂಟು ಹೋಗಿ ಯಂತ್ರ ನಿಂತರೆ ಒಂದು ಪೊಟ್ಟಣ ಖಾರದ ಕಡಲೆಬೀಜ. ರಾತ್ರಿ ಊಟವಾದ ಮೇಲೆ ಟಿ.ವಿ. ಮುಂದೆ ಬಾಯಿ ಸುಮ್ಮನಿರದೆ ಒಂದು ಹಿಡಿ ಮಿಕ್ಸ್‌ಚರ್. ಹೇಳುತ್ತ ಹೇಳುತ್ತ ಅವರ ಎರಡೂ ಕೈಯ ಬೆರಳು ಮುಗಿದವು. ಕೈ ನೋಡಿಕೊಂಡು ಸುಮ್ಮನಾದರು.

ಅವರ ಪಟ್ಟಿಯನ್ನು ಗಮನಿಸಿ. ಅಲ್ಲಿನ ಒಂದೊಂದು ತಿಂಡಿಯೂ ಒಂದೊಂದು ಬೀಡಿ ಇದ್ದ ಜಾಗದಲ್ಲಿ ಬಂದು ಕೂತಿದೆ. ಬೀಡಿ ಹೊಟ್ಟೆಯ ಹಸಿವನ್ನು ಅದುಮುವುದರ ಜೊತೆ ದಿನವನ್ನು ತುಂಡು ತುಂಡು ಮಾಡಿ ಕೊಡುತ್ತಿತ್ತು: ಕೆಲಸ ಮುಗಿಯಿತು, ಸ್ವಲ್ಪ ಬಿಡುವು, ಕೈಗೊಂದು ಕೆಲಸ, ಬಾಯಿಗೊಂದು ರುಚಿ. ಬೀಡಿ ಹೋದರೂ ಬಿಡುವಿನ ಜಾಗ ಹಾಗೇ ಉಳಿಯುತ್ತದೆ. ಅದನ್ನು ಖಾಲಿ ಬಿಟ್ಟರೆ ಕೈಗೆ ಸಿಕ್ಕಿದ್ದು ಬಂದು ತುಂಬುತ್ತದೆ, ನಮ್ಮ ಬೀದಿಗಳಲ್ಲಿ ಕೈಗೆ ಸಿಗುವುದು ಎಣ್ಣೆಯಲ್ಲಿ ಕರಿದದ್ದು ಇಲ್ಲವೇ ಸಕ್ಕರೆ ಹಾಕಿದ್ದು. ಇದರ ಮೇಲೆ ನಾಲಿಗೆ, ಮೂಗು ಎಚ್ಚರವಾಗುತ್ತವೆ. ಬಿಟ್ಟ ಕೆಲವು ದಿನ, ವಾರಗಳಲ್ಲೇ ವಾಸನೆ ಮತ್ತು ರುಚಿ ಮರಳಿ ಬರುತ್ತವೆ. ಒಗ್ಗರಣೆಯ ಇಂಗು, ಕಾಯಿಸಿದ ತುಪ್ಪ, ಹುರಿದ ರವೆ ಎಲ್ಲವೂ ಹೊಸದಾಗಿ ಮೂಗಿಗೆ ಬಡಿಯುತ್ತವೆ. ಎಷ್ಟೋ ವರ್ಷಗಳ ಮೇಲೆ ಸಾರು ಇಷ್ಟು ರುಚಿಯಾಗಿತ್ತು ಎಂದು ಹೇಳಿದವರಿದ್ದಾರೆ. ಇದು ದೇಹ ವಾಸಿಯಾಗುತ್ತಿರುವುದರ ಗುರುತು. ಒಂದು ತುತ್ತು ಹೆಚ್ಚು ಒಳಗೆ ಹೋದರೆ ಅದನ್ನು ಪಾಪವೆಂದು ಎಣಿಸಬೇಕಿಲ್ಲ.

ಈಗ ಅಂಕಿ ಅಂಶ. ಬಿಟ್ಟವರ ತೂಕ ಎಷ್ಟು ಏರುತ್ತದೆ ಎಂಬ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ವಿಶ್ಲೇಷಣೆ ಪ್ರಕಟಿಸಿತು. ಯಾವ ಔಷಧಿಯ ನೆರವೂ ಇಲ್ಲದೆ ಬಿಟ್ಟವರು ಒಂದು ವರ್ಷದಲ್ಲಿ ಸರಾಸರಿ ನಾಲ್ಕೂವರೆಯಿಂದ ಐದು ಕಿಲೋ ಏರಿದ್ದರು, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲಿ. ಸರಾಸರಿ ಎಂಬುದು ಎಲ್ಲರ ಕಥೆಯಲ್ಲ. ಶೇ. 16ರಷ್ಟು ಜನ ತೂಕ ಕಳೆದುಕೊಂಡಿದ್ದರು. ಹತ್ತು ಕಿಲೋಗಿಂತ ಹೆಚ್ಚು ಏರಿದವರು ಶೇ. 13ರ ಆಸುಪಾಸು. ಯಾರು ಯಾವ ಗುಂಪಿಗೆ ಸೇರುತ್ತಾರೆಂದು ಮೊದಲೇ ಹೇಳಲು ಬರುವುದಿಲ್ಲ. ನಿಮ್ಮ ಭಾವಮೈದುನನಿಗೆ ಹತ್ತು ಕಿಲೋ ಏರಿತೆಂದು ನಿಮಗೂ ಏರಲೇಬೇಕೆಂದಿಲ್ಲ.

ತೂಕದ ಭಯಕ್ಕೂ ಒಂದು ಹಳೆಯ ಇತಿಹಾಸವಿದೆ. ಅದನ್ನು ಉದ್ದೇಶಪೂರ್ವಕವಾಗಿ ಬಿತ್ತಿದವರಿದ್ದಾರೆ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಲಕ್ಕಿ ಸ್ಟ್ರೈಕ್ ಸಿಗರೇಟಿನ ಜಾಹೀರಾತುಗಳು ಸಿಹಿತಿಂಡಿಯ ಕಡೆ ಚಾಚುವ ಕೈಯನ್ನು ಸಿಗರೇಟಿನ ಕಡೆ ತಿರುಗಿಸಿ ಎಂದು ಹೆಂಗಸರಿಗೆ ಕರೆ ಕೊಟ್ಟವು. ಮಿಠಾಯಿ ವ್ಯಾಪಾರಿಗಳು ಸಿಟ್ಟಿಗೆದ್ದರು. ಸಿಗರೇಟಿನ ಮಾರಾಟವಂತೂ ಏರಿತು. 1968ರಲ್ಲಿ ಹೆಂಗಸರಿಗೆಂದೇ ವರ್ಜೀನಿಯಾ ಸ್ಲಿಮ್ಸ್ ಬಂತು. ತೆಳ್ಳನೆಯ ಸಿಗರೇಟು, ತೆಳ್ಳನೆಯ ಹೆಂಗಸಿನ ಚಿತ್ರ. ಸಿಗರೇಟು ಎಂದರೆ ತೆಳುಮೈ ಎಂಬ ನಂಟನ್ನು ಹೀಗೆ ವರ್ಷಗಟ್ಟಲೆ ಹಣ ಸುರಿದು ಕಟ್ಟಿದ್ದಾರೆ. ಇವತ್ತು ಬೆಂಗಳೂರಿನ ಕಚೇರಿಯೊಂದರ ಮೆಟ್ಟಿಲ ಬಳಿ ನಿಂತು ಸೇದುವ ಹುಡುಗಿ "ಬಿಟ್ರೆ ದಪ್ಪ ಆಗ್ತೀನಿ" ಎಂದರೆ, ನೂರು ವರ್ಷದ ಹಿಂದೆ ದೂರದ ದೇಶದಲ್ಲಿ ಬರೆಸಿದ ಆ ಮಾತು ಅವಳ ಬಾಯಿಗೂ ಬಂದಿದೆ ಎಂದೇ ನನಗೆ ಅನಿಸುತ್ತದೆ. ಅವಳ ಭಯವನ್ನು ಹಗುರವಾಗಿ ಕಾಣಬೇಡಿ. ಆ ಭಯಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅವಳು ಬಿಡುವುದಿಲ್ಲ.

ನಮ್ಮ ಕೂಲಿಕಾರರ ಕಥೆ ಇದಕ್ಕೆ ತೀರ ಬೇರೆ. ಅವರು ತೆಳ್ಳಗಾಗಲು ಸೇದಿದವರಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಒಂದು ಟೀ ಎರಡು ಬೀಡಿಯ ಮೇಲೆ ಮಧ್ಯಾಹ್ನದವರೆಗೆ ಇಟ್ಟಿಗೆ ಹೊರುವವರನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಬೀಡಿ ಎಂದರೆ ತಿನ್ನದ ತಿಂಡಿ. ಹೊಟ್ಟೆಗಿಲ್ಲದ ಹೊತ್ತನ್ನು ದಾಟಿಸಲು ಇಟ್ಟುಕೊಂಡ ಉಪಾಯ. ಅಂಥವರು ಬೀಡಿ ಬಿಟ್ಟಾಗ ಹತ್ತು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ, ಚುರುಗುಟ್ಟಲೇಬೇಕು. ಅವರಿಗೆ 'ಕಡಿಮೆ ತಿನ್ನು' ಎಂದು ಹೇಳುವ ವೈದ್ಯ ತಪ್ಪು ಮಾಡುತ್ತಾನೆ. ಅವರಿಗೆ ಬೇಕಾದದ್ದು ಬೆಳಗಿನ ಮುದ್ದೆ, ಸೊಪ್ಪಿನ ಸಾರು, ಇಲ್ಲವೇ ಇಡ್ಲಿ ಸಾಂಬಾರು, ಒಂದು ಹಿಡಿ ಬೇಯಿಸಿದ ಕಾಳು. ಬೀಡಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ಬೆಳಗಿನ ತಿಂಡಿಯ ಒಂದು ಪಾಲಾದರೂ ಬರುತ್ತದೆ. ಇವರಲ್ಲಿ ಎಷ್ಟೋ ಜನ ಮೊದಲೇ ಬಡಕಲು ಮೈಯವರು. ಇವರ ತೂಕ ಮೂರು ಕಿಲೋ ಏರಿದರೆ ನನಗೆ ಸಂತೋಷವೇ.

ಇಷ್ಟಾದರೂ ಉಳಿದವರು ತೂಕವನ್ನು ಪೂರ್ತಿ ಮರೆಯುವಂತಿಲ್ಲ. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಈ ವಿಷಯದ ಎರಡೂ ಮುಖ ತೋರಿಸುತ್ತದೆ. ಬಿಟ್ಟ ಮೇಲೆ ತೂಕ ಏರಿಸಿಕೊಂಡವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಕೆಲವು ವರ್ಷ ಹೆಚ್ಚಿತು, ಐದರಿಂದ ಏಳನೆಯ ವರ್ಷದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯಿತು. ತೂಕ ಏರದವರಲ್ಲಿ ಆ ಅಪಾಯ ಹೆಚ್ಚಲಿಲ್ಲ. ಇನ್ನೊಂದು ಮುಖ ಇದಕ್ಕಿಂತ ದೊಡ್ಡದು: ಬಿಟ್ಟ ಮೇಲೆ ಹತ್ತು ಕಿಲೋಗಿಂತ ಹೆಚ್ಚು ಏರಿದವರಲ್ಲಿಯೂ ಸಾವಿನ ಪ್ರಮಾಣ, ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ, ಸುಮಾರು ಅರ್ಧದಷ್ಟಿತ್ತು. ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಹೇಳಿದ್ದು ನೆನಪಿಡುವಂಥದ್ದು. ಮೂವತ್ತರಲ್ಲಿ ಬಿಟ್ಟರೆ ಹತ್ತು ವರ್ಷ, ನಲವತ್ತರಲ್ಲಿ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟರೂ ಮೂರು ವರ್ಷ ಆಯಸ್ಸು ಉಳಿಯುತ್ತದೆ. ಪ್ರಭಾತ್ ಝಾ ಮತ್ತು ಸಂಗಡಿಗರು ಭಾರತದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರು ಬೀಡಿಯಿಂದ ಸುಮಾರು ಆರು, ಸಿಗರೇಟಿನಿಂದ ಸುಮಾರು ಹತ್ತು ವರ್ಷ ಆಯಸ್ಸು ಕಳೆದುಕೊಳ್ಳುತ್ತಿದ್ದರು. ಬೀಡಿ ಬಡವರ ಪಾಲಿಗೆ ಸೌಮ್ಯವಾದದ್ದು ಎಂಬ ನಂಬಿಕೆಗೆ ಆಧಾರವಿಲ್ಲ.

ಅಮೆರಿಕದ ಲೆಕ್ಕವನ್ನು ಇಡಿಯಾಗಿ ನಮಗೆ ಅನ್ವಯಿಸುವಾಗ ಒಂದು ಎಚ್ಚರ ಬೇಕು. ನಮ್ಮ ಮೈ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಹಾಕಿ ಇದನ್ನು ತೋರಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಯುಡ್ಕಿನ್ ಅವರ ಮೈಯ ಕೊಬ್ಬು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ಹಾಗಾಗಿ ತಕ್ಕಡಿಗಿಂತ ಟೇಪು ನನಗೆ ಮುಖ್ಯ. ಹೊಕ್ಕುಳ ಮಟ್ಟದಲ್ಲಿ ಅಳತೆ ಹಿಡಿಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಸೇದುವವರು ತೆಳ್ಳಗಿದ್ದರೂ ಹೊಟ್ಟೆಯ ಕೊಬ್ಬು ಅವರಲ್ಲೇ ಹೆಚ್ಚು, ಸಕ್ಕರೆ ಕಾಯಿಲೆಯ ಸಾಧ್ಯತೆಯೂ ಸೇದದವರಿಗಿಂತ ಅವರಿಗೆ ಹೆಚ್ಚು ಎಂಬುದನ್ನೂ ಮರೆಯಬಾರದು. ಹೊಟ್ಟೆ ಕರಗಿಸಲು ಸಿಗರೇಟಿಗೆ ಮರಳುವುದರಲ್ಲಿ ಅರ್ಥವೇ ಇಲ್ಲ.

ಹಾಗಾದರೆ ಬಿಡುವ ದಿನದಿಂದಲೇ ಪಥ್ಯ ಹಿಡಿಯಬೇಕೇ? ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕೆನೆತ್ ಪರ್ಕಿನ್ಸ್ ತಂಡ ತೂಕದ ಬಗ್ಗೆ ತುಂಬ ಚಿಂತೆಯಿದ್ದ ಹೆಂಗಸರ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸಿಗರೇಟು ಬಿಡುವುದರ ಜೊತೆಗೇ ಪಥ್ಯ ಹೇಳಿಕೊಟ್ಟರು. ಇನ್ನು ಕೆಲವರಿಗೆ ಸ್ವಲ್ಪ ತೂಕ ಏರಿದರೆ ಏರಲಿ ಎಂದು ಒಪ್ಪಿಕೊಳ್ಳುವ ಮನಸ್ಸನ್ನು ಬೆಳೆಸಿದರು. ವರ್ಷದ ಕೊನೆಗೆ ಸಿಗರೇಟಿನಿಂದ ದೂರ ಉಳಿದವರು ಈ ಎರಡನೆಯ ಗುಂಪಿನಲ್ಲೇ ಹೆಚ್ಚು. ತೂಕವೂ ಇವರಲ್ಲೇ ಕಡಿಮೆ ಏರಿತ್ತು. ನಾನು ಇದನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಹಸಿದ ಮನುಷ್ಯನಿಗೆ ಸಿಗರೇಟಿನ ಸೆಳೆತ ತಡೆಯುವ ತ್ರಾಣ ಉಳಿಯುವುದಿಲ್ಲ. ಊಟ ಬಿಟ್ಟು, ಸಿಗರೇಟೂ ಬಿಟ್ಟು, ರಾತ್ರಿ ನಿದ್ದೆಯೂ ಬಾರದೆ ಎಷ್ಟು ದಿನ ಹೋರಾಡಬಹುದು? ಮೊದಲ ಮೂರು ತಿಂಗಳು ಇರುವುದು ಒಂದೇ ವ್ರತ. ಹೊಗೆ ಬೇಡ. ಊಟದಲ್ಲಿ ಆಗ ಬೇಕಾದದ್ದು ಹೊತ್ತು ತಪ್ಪದಿರುವುದು.

ಹೊತ್ತಿನ ಮಾತು ಬಂದಾಗ, ಊಟದ ಕೊನೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸೇದುವವರಿಗೆ ಊಟ ಮುಗಿಯುವುದು ಕೈ ತೊಳೆದಾಗಲ್ಲ, ಹೊರಗೆ ಹೋಗಿ ಹಚ್ಚಿದಾಗ. ಅದು ಹೋದ ಮೇಲೆ ಊಟ ಮುಗಿದೇ ಇಲ್ಲವೆನಿಸುತ್ತದೆ; ತಟ್ಟೆಯ ಮುಂದೆ ಕೂತೇ ಇರುತ್ತಾರೆ, ಇನ್ನೊಂದು ಸೌಟು ಅನ್ನ ಬೀಳುತ್ತದೆ, ಆಮೇಲೆ ಸಿಹಿಗೆ ಕೈ ಹೋಗುತ್ತದೆ. ನಮ್ಮ ಊಟದ ಕ್ರಮಕ್ಕೆ ತನ್ನದೇ ಆದ ಮುಕ್ತಾಯವಿದೆ, ಅದನ್ನು ಮತ್ತೆ ಹಿಡಿಯಿರಿ. ಕೊನೆಗೆ ಮಜ್ಜಿಗೆ. ಮಜ್ಜಿಗೆ ಕುಡಿದ ಮೇಲೆ ಬಡಿಸಿಕೊಳ್ಳುವುದಿಲ್ಲ ಎಂಬುದು ನಮ್ಮ ಅಜ್ಜಿಯರ ಕಾಲದ ಶಿಸ್ತು. ತಕ್ಷಣ ಎದ್ದು ಕೈ, ಬಾಯಿ ಚೆನ್ನಾಗಿ ತೊಳೆದು, ಸಾಧ್ಯವಾದರೆ ಹಲ್ಲುಜ್ಜಿ. ಬಾಯಿ ಸ್ವಚ್ಛವಾದರೆ ಮತ್ತೆ ತಿನ್ನುವ ಮನಸ್ಸು ಇಳಿಯುತ್ತದೆ. ಆಮೇಲೆ ಹತ್ತು ನಿಮಿಷ ಬೀದಿಯಲ್ಲಿ ನಡೆಯಿರಿ. ಐದು ಹತ್ತು ನಿಮಿಷದ ಬಿರುಸು ನಡಿಗೆ ಸೇದುವ ಸೆಳೆತವನ್ನು ತಗ್ಗಿಸುತ್ತದೆ ಎಂಬುದನ್ನು ಹಲವು ಪ್ರಯೋಗಗಳು ತೋರಿಸಿವೆ. ಸೆಳೆತ ಬರುವುದು ಅಲೆಯ ಹಾಗೆ, ಕೆಲವೇ ನಿಮಿಷ ನಿಂತು ಇಳಿಯುತ್ತದೆ. ಬೀದಿಯ ತುದಿ ಮುಟ್ಟಿ ಹಿಂತಿರುಗುವಷ್ಟರಲ್ಲಿ ಅದರ ಜೋರು ಕಡಿಮೆಯಾಗಿರುತ್ತದೆ.

ಕಾಫಿಯ ಬಗ್ಗೆ ಹೇಳದೆ ಮೈಸೂರಿನಲ್ಲಿ ಈ ಉಪನ್ಯಾಸ ಮುಗಿಸಲಾಗದು. ಹೊಗೆಯಲ್ಲಿರುವ ಟಾರಿನ ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕೆಫೀನನ್ನು ಒಡೆಯುವುದು ಅದೇ ಕಿಣ್ವ. ಹಾಗಾಗಿ ಸೇದುವವರ ಮೈಯಲ್ಲಿ ಕಾಫಿ ಬೇಗ ಕರಗಿಹೋಗುತ್ತದೆ, ಅವರು ಹೆಚ್ಚು ಕುಡಿಯುತ್ತಾರೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತಣ್ಣಗಾಗುತ್ತದೆ, ಕುಡಿಯುವ ಲೋಟ ಮಾತ್ರ ಅಷ್ಟೇ ಇರುತ್ತದೆ. ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟಾಗುತ್ತದೆ. ಕೈ ನಡುಕ, ಎದೆ ಢವಢವ, ರಾತ್ರಿ ನಿದ್ದೆಯಿಲ್ಲ. ಇದೆಲ್ಲ ಬೀಡಿ ಬಿಟ್ಟದ್ದರ ತೊಂದರೆ ಎಂದು ಆ ಮನುಷ್ಯ ತಿಳಿಯುತ್ತಾನೆ. ನಿದ್ದೆಗೆಟ್ಟ ಮೈ ಮರುದಿನ ಹೆಚ್ಚು ಹಸಿಯುತ್ತದೆ, ಸಿಹಿ ಬೇಡುತ್ತದೆ. ಬಿಡುವ ವಾರದಲ್ಲೇ ಕಾಫಿ, ಟೀಯನ್ನು ಅರ್ಧಕ್ಕೆ ಇಳಿಸಿ. ನಮ್ಮ ಬೈಟು ಪದ್ಧತಿ ಇಲ್ಲಿ ಕೈ ಹಿಡಿಯುತ್ತದೆ. ಸಂಜೆ ಆದ ಮೇಲೆ ಬೇಡವೇ ಬೇಡ. ಇದೇ ಕಿಣ್ವ ಒಡೆಯುವ ಕೆಲವು ಔಷಧಿಗಳಿವೆ: ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್. ಇವನ್ನು ತೆಗೆದುಕೊಳ್ಳುವವರು ಹೊಗೆ ಬಿಡುವ ಮೊದಲೇ ತಮ್ಮ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಇಳಿಸಬೇಕಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರೂ ಸಕ್ಕರೆಯ ಮಟ್ಟವನ್ನು ಆಗ ಹೆಚ್ಚು ಸಲ ನೋಡಿಕೊಳ್ಳಬೇಕು.

ಇನ್ನೊಂದು ಸಂಗತಿ ಹೇಳಲು ಜನ ಸಂಕೋಚಪಡುತ್ತಾರೆ. ಬೆಳಿಗ್ಗೆ ಒಂದು ಬೀಡಿ ಸೇದದೆ ಹೊಟ್ಟೆ ಖಾಲಿಯಾಗುವುದಿಲ್ಲ ಎನ್ನುವವರು ಎಷ್ಟು ಮಂದಿ! ನಿಕೋಟಿನ್ ಕರುಳನ್ನು ಕೆದಕುವುದು ನಿಜ. ಅದು ನಿಂತಾಗ ಕೆಲವು ವಾರ ಮಲಬದ್ಧತೆ ಬರಬಹುದು. ಹೊಟ್ಟೆ ಉಬ್ಬರಿಸಿ ಭಾರವೆನಿಸುತ್ತದೆ, ಅದನ್ನೇ ದಪ್ಪವಾದೆ ಎಂದುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಬೆಚ್ಚನೆಯ ನೀರು, ದಿನಕ್ಕೊಂದು ಸಲ ಸೊಪ್ಪಿನ ಪಲ್ಯ ಇಲ್ಲವೇ ಬಸ್ಸಾರು, ಸಂಜೆಗೆ ಸೀಬೆ ಅಥವಾ ಬಾಳೆಹಣ್ಣು. ಎರಡು ಮೂರು ವಾರದಲ್ಲಿ ಕರುಳು ತನ್ನ ಕ್ರಮಕ್ಕೆ ಬರುತ್ತದೆ.

ನಡುನಡುವೆ ಬಾಯಿಗೆ ಬೇಕೆನಿಸಿದಾಗ ಏನು? ಸೌತೆಕಾಯಿ, ಕ್ಯಾರೆಟ್ಟಿನ ತುಂಡುಗಳು, ನೆನೆಸಿದ ಹೆಸರುಬೇಳೆಯ ಕೋಸಂಬರಿ, ಎಣ್ಣೆ ಕಾಣದ ಚುರುಮುರಿ, ಹುರಿಗಡಲೆ, ನೀರು ಮಜ್ಜಿಗೆ. ಕೈಗೆ ಕೆಲಸ ಬೇಕೆನ್ನುವವರಿಗೆ ಸಿಪ್ಪೆ ಸುಲಿದು ತಿನ್ನುವಂಥದ್ದು ಒಳ್ಳೆಯದು. ಬೇಯಿಸಿದ ಕಡಲೆಕಾಯಿಯನ್ನು ಒಂದೊಂದಾಗಿ ಬಿಡಿಸಿ ತಿನ್ನುವಾಗ ಹೊತ್ತೂ ಹೋಗುತ್ತದೆ, ಹಿಡಿಯ ಲೆಕ್ಕವೂ ಸಿಗುತ್ತದೆ. ನಮ್ಮ ದರ್ಜಿಗೆ ಈ ಉಪಾಯವೇ ಕೂಡಿಬಂತು. ಬಜ್ಜಿಯ ಗಾಡಿಯನ್ನು ಅವರು ಪೂರ್ತಿ ಬಿಡಲಿಲ್ಲ, ನಾನೂ ಬಿಡಿ ಎನ್ನಲಿಲ್ಲ. ವಾರಕ್ಕೊಮ್ಮೆ ಎಂದು ಒಪ್ಪಿದೆವು. ಮದ್ಯದ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಒಂದು ಗ್ರಾಂ ಮದ್ಯಸಾರದಲ್ಲಿ ಏಳು ಕ್ಯಾಲೊರಿ, ಜೊತೆಗೆ ಕರಿದ ನಂಜಿಕೊಳ್ಳುವ ತಿಂಡಿ, ಪಕ್ಕದಲ್ಲಿ ಸೇದುವ ಗೆಳೆಯ. ಬಿಟ್ಟವರು ಮರಳಿ ಬೀಳುವುದು ಅಂಥ ರಾತ್ರಿಗಳಲ್ಲೇ ಹೆಚ್ಚು.

ಗುಟ್ಕಾ, ಅಡಿಕೆ ಪುಡಿಯ ಪೊಟ್ಟಣಗಳನ್ನು ಸಿಗರೇಟಿನ ಬದಲಿಗೆ ಹಿಡಿಯುವವರಿದ್ದಾರೆ, ಬಾಯಿ ಸುಮ್ಮನಿದ್ದರೆ ತಿನ್ನುತ್ತೇನೆ ಎಂಬ ಭಯದಿಂದ. ದಯವಿಟ್ಟು ಆ ದಾರಿ ಬೇಡ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಮಲೆನಾಡಿನ ಬಂಧುಗಳಿಗೆ ಈ ಮಾತು ಕಹಿ ಎಂದು ಬಲ್ಲೆ. ಆದರೂ ವೈದ್ಯನಾಗಿ ಹೇಳದೆ ಇರಲಾರೆ.

ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದು ಬಿಡುವವರಿಗೆ ನೆರವಾಗುತ್ತದೆ, ಬಳಸುವಷ್ಟು ಕಾಲ ತೂಕ ಏರುವುದನ್ನೂ ಸ್ವಲ್ಪ ತಡೆಯುತ್ತದೆ. ಬಬಲ್ ಗಮ್ಮಿನಂತೆ ಒಂದೇ ಸಮ ಜಗಿಯುವುದಲ್ಲ. ನಾಲ್ಕು ಸಲ ಜಗಿದು, ಬಾಯಿ ಜುಮ್ಮೆಂದಾಗ ದವಡೆಯ ಪಕ್ಕ ಒತ್ತಿಟ್ಟುಕೊಳ್ಳಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲು ಕಾಫಿ, ಹಣ್ಣಿನ ರಸ ಕುಡಿದರೆ ಬಾಯಿಯಲ್ಲಿ ನಿಕೋಟಿನ್ ಸರಿಯಾಗಿ ಇಳಿಯುವುದಿಲ್ಲ. ಬುಪ್ರೋಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳು ವೈದ್ಯರ ಚೀಟಿಯಿಂದಲೇ ಆಗಬೇಕು.

ಮೂರು ತಿಂಗಳು ದಾಟಿ, ಸೆಳೆತ ಅಪರೂಪವಾದ ಮೇಲೆ ತೂಕದ ಕಡೆ ತಿರುಗಿ. ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ನಡಿಗೆ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ, ರಾತ್ರಿಯ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಪಲ್ಯ, ಕಾಳು. ತಿಂಗಳಿಗೆ ಒಂದು ಕಿಲೋ ಇಳಿದರೆ ಸಾಕು. ಬಿಟ್ಟು ಆರು ತಿಂಗಳಾದಾಗ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ರಕ್ತದ ಸಕ್ಕರೆ ನೋಡಿಸಿಕೊಳ್ಳಿ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ತಪ್ಪಿಸಲೇಬೇಡಿ.

ಮನೆಯವರ ಹತ್ತಿರವೂ ಒಂದು ಬೇಡಿಕೆ. ನೆಂಟರು ಬಂದಾಗ "ಏನೋ, ಚೆನ್ನಾಗಿ ಊದಿದ್ದೀಯ" ಎನ್ನುವುದು ನಮ್ಮಲ್ಲಿ ಮಾತಿನ ಪೀಠಿಕೆ. ಬೀಡಿ ಬಿಟ್ಟು ಎರಡನೆಯ ತಿಂಗಳಲ್ಲಿರುವವರಿಗೆ ಆ ಮಾತು ಚುಚ್ಚುತ್ತದೆ. ಅವರ ಕೆಮ್ಮು ನಿಂತದ್ದನ್ನು, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾದದ್ದನ್ನು ಎತ್ತಿ ಹೇಳಿ. ತಿಂಡಿಯ ಡಬ್ಬಿಯನ್ನು ಬಚ್ಚಿಡುವ ಬದಲು ಊಟದ ಹೊತ್ತಿಗೆ ಜೊತೆಗೆ ಕೂತುಕೊಳ್ಳಿ.

ಒಬ್ಬರೇ ನಿಭಾಯಿಸಲಾಗದು ಎನಿಸಿದರೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಇದೆ, ಕರೆ ಉಚಿತ. ಸಿಗರೇಟು ಪ್ಯಾಕೆಟ್ಟಿನ ಮೇಲೆಯೇ ಆ ಸಂಖ್ಯೆ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲಿಯೇ ಮಾತಾಡಬಹುದು. ಸೇದುವ ಆಸೆಯ ಬಗ್ಗೆ ಹೇಳಿಕೊಳ್ಳುವಾಗ ಹಸಿವಿನ ಬಗ್ಗೆಯೂ, ತೂಕದ ಬಗ್ಗೆಯೂ ಬಾಯಿಬಿಟ್ಟು ಹೇಳಿ, ಅದನ್ನೂ ಕೇಳಿಸಿಕೊಳ್ಳಲು ಅವರಿದ್ದಾರೆ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.